ಅನಾನಸ್ ಉರುಳಿಸಿದ್ದಾಯ್ತು, ಇನ್ನು ಅದನ್ನೇನು ಮಾಡೋದು?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸಿಂಗಪುರ, ಮಲೇಷ್ಯಾ, ತೈವಾನ್, ಚೀನಾದಲ್ಲಿ ನೆಲೆಸಿರುವ ನಮ್ಮ ಓದುಗರು ಅಲ್ಲಿನ ಚೀನೀ ಮನೆಗಳ ಗೃಹಪ್ರವೇಶದ ಬಗ್ಗೆ ಕೇಳಿದ್ದಾರೆ. ಅದರಲ್ಲೂ ಜಾಸ್ತಿ ಜನರ ಚಿಂತೆ ಶಾಸ್ತ್ರ ಮುಗಿದ ಮೇಲಿನದು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಮದುವೆಯಾಗಿರುವುದು ಸಿಂಗಪುರದ ಹೊಕ್ಕಿಯನ್ (ದಕ್ಷಿಣ ಚೀನಾದ ಫುಜಿಯೆನ್ ಮೂಲದ ಚೀನೀ) ಮನೆತನದ ಹುಡುಗನನ್ನು. ಈಚೆಗೆ ನಮ್ಮ ಹೊಸ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿಯ) ಫ್ಲ್ಯಾಟಿಗೆ ಬಂದೆವು. ಅತ್ತೆ ಎಲ್ಲ ಶಾಸ್ತ್ರ ಮಾಡಿಸಿದರು. ಅನಾನಸ್ ಉರುಳಿಸಿದ್ದಾಯ್ತು, ಮೂಲೆ ಮೂಲೆಗೆ ಅಕ್ಕಿ, ಉಪ್ಪು, ಟೀ ಎಲೆ, ಹೆಸರುಕಾಳು ಎರಚಿದ್ದಾಯ್ತು, ಹಾಲ್ ತುಂಬ ನಾಣ್ಯ ಚೆಲ್ಲಿದ್ದಾಯ್ತು. ಅಕ್ಕಿ ಡಬ್ಬ ತುಂಬಿಸಿ ಕೆಂಪು ಕಾಗದ ಅಂಟಿಸಿದ್ದಾರೆ, ಕೆಟಲ್‌ಗೆ, ಪೊರಕೆಗೆಲ್ಲ ಕೆಂಪು ರಿಬ್ಬನ್ ಕಟ್ಟಿದ್ದಾರೆ. "ಏನನ್ನೂ ಎಸೀಬೇಡ" ಅಂತ ಹೇಳಿ ಹೋದರು. ಎಷ್ಟು ದಿನ ಅಂತ ಹೇಳಲಿಲ್ಲ, ಕೇಳೋಕೆ ನನಗೆ ಸಂಕೋಚ. ಗಂಡನಿಗೆ ಏನೂ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಗಾಬರಿ ಬಿಡಿ. ನಿಮ್ಮ ಅತ್ತೆ ತಂದಿಟ್ಟದ್ದರಲ್ಲಿ ಮುಕ್ಕಾಲು ಪಾಲು ಬಳಸೋಕೆ ಅಂತಲೇ ತಂದದ್ದು. ಅದನ್ನು ಮುಟ್ಟದೆ ಕಾಪಾಡಿ, ಹುಳ ಬೀಳಿಸಿ, ಆಮೇಲೆ ಕಸಕ್ಕೆ ಹಾಕಿದರೇ ಅವರಿಗೆ ಬೇಜಾರಾಗೋದು.

ಒಂದೊಂದು ಸಾಮಾನನ್ನೂ ಕೈಗೆ ತೆಗೆದುಕೊಂಡು ಒಂದೇ ಮಾತು ಕೇಳಿಕೊಳ್ಳಿ. ಇದು ಮನೆಗೆ ಅಂತ ತಂದದ್ದಾ? ದೇವರಿಗೋ ಹಿರಿಯರಿಗೋ ಎಡೆ ಇಟ್ಟದ್ದಾ? ಅಥವಾ ಕೆಟ್ಟದ್ದನ್ನು ಹೀರಿಕೊಳ್ಳಲಿ ಅಂತ ಇಟ್ಟದ್ದಾ? ಮನೆಗೆ ತಂದದ್ದನ್ನು ಬಳಸಬೇಕು. ಎಡೆ ಇಟ್ಟದ್ದನ್ನು ಪೂಜೆ ಮುಗಿದ ಮೇಲೆ ತಿನ್ನಬೇಕು. ಕೆಟ್ಟದ್ದನ್ನು ಹೀರೋಕೆ ಇಟ್ಟದ್ದನ್ನು ಮಾತ್ರ ತಿನ್ನಬಾರದು, ಅದು ಹೊರಗೆ ಹೋಗಬೇಕು. ಇಷ್ಟು ತಿಳಿದುಕೊಂಡರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಅಕ್ಕಿ ಡಬ್ಬ ಮನೆಗೆ ತಂದದ್ದು. ಅದರ ಮೇಲಿನ ಕೆಂಪು ಕಾಗದದಲ್ಲಿ "ತುಂಬಿರಲಿ" ಅನ್ನೋ ಅರ್ಥದ ಅಕ್ಷರ ಇರುತ್ತದೆ. ಅದರಿಂದಲೇ ಅಕ್ಕಿ ತೆಗೆದು ಅನ್ನ ಮಾಡಿ. ನೋಡಿಕೊಳ್ಳಬೇಕಾದದ್ದು ಒಂದೇ, ಡಬ್ಬದ ತಳ ಕಾಣೋಕೆ ಬಿಡಬಾರದು. ತಳ ಕಾಣುವ ಮುಂಚೆಯೇ ಹೊಸ ಅಕ್ಕಿ ಸುರಿಯಿರಿ. ಒಳಗೆ ಕೈ ಹಾಕಿದರೆ ಒಂದು ಪುಟ್ಟ ಕೆಂಪು ಲಕೋಟೆ, ಅಂದ್ರೆ ಆಂಗ್‌ಪಾವ್, ಸಿಗಬಹುದು. ಅದನ್ನು ತೆಗೆದು ಖರ್ಚು ಮಾಡಬೇಡಿ, ಅಲ್ಲೇ ಇರಲಿ. ಎಷ್ಟೋ ಮನೆಗಳಲ್ಲಿ ಚೀನೀ ಹೊಸ ವರ್ಷಕ್ಕೆ ಹಳೇ ಲಕೋಟೆ ತೆಗೆದು ಹೊಸದು ಇಡುತ್ತಾರೆ. ಅಕ್ಕಿ ತೊಳೆಯುವ ಮುಂಚೆ ಒಂದು ಸಲ ಕೈಯಾಡಿಸಿ ನೋಡಿ, ನಾಣ್ಯ ಹಾಕಿದ್ದರೂ ಹಾಕಿರುತ್ತಾರೆ. ಅಕ್ಕಿ ಜೊತೆಗೆ ತಂದ ಉಪ್ಪು, ಸಕ್ಕರೆ, ಎಣ್ಣೆ, ಟೀ ಪುಡಿ ಪೊಟ್ಟಣಗಳೂ ಇದೇ ಲೆಕ್ಕ. ಖಾಲಿ ಕೈಯಲ್ಲಿ ಹೊಸ ಮನೆ ಹೊಕ್ಕಬಾರದು ಅಂತ ತಂದದ್ದು. ಅಡುಗೆಗೆ ಬಳಸಿ.

ಅನಾನಸ್‌ಗೆ ಬರೋಣ. ಹೊಕ್ಕಿಯನ್‌ನಲ್ಲಿ ಅನಾನಸ್ಸಿಗೆ ಓಂಗ್ ಲಾಯ್ ಅಂತಾರೆ, ಕೇಳೋಕೆ "ಏಳಿಗೆ ಬರಲಿ" ಅಂದ ಹಾಗೇ ಇರುತ್ತದೆ. ಅದಕ್ಕೇ ಬಾಗಿಲಿಂದ ಒಳಕ್ಕೆ ಉರುಳಿಸಿ, ಒಂದೊಂದು ಕೋಣೆಗೂ ನೂಕುತ್ತಾ "ಹುವಾತ್ ಆ!" (ಸಮೃದ್ಧಿ ಬರಲಿ) ಅಂತ ಎಲ್ಲರೂ ಕೂಗೋದು. ಏಳಿಗೆಯನ್ನು ಒಳಗೆ ಕರೆತಂದಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಕೆಲವರು ಹಾಲ್‌ನಲ್ಲೋ ದೇವರ ಮುಂದೋ ಕೆಲವು ದಿನ ಇಟ್ಟಿರುತ್ತಾರೆ. ಇಡಿ, ತೊಂದರೆ ಇಲ್ಲ. ಆದರೆ ನೆಲದ ಮೇಲೆ ಉರುಳಿ, ಗೋಡೆಗೆ ಬಡಿದು, ಒಳಗೊಳಗೇ ಜಜ್ಜಿಹೋದ ಹಣ್ಣು ಅದು. ಸಿಂಗಪುರದ ಸೆಖೆಯಲ್ಲಿ ತಳದಿಂದ ಮೆತ್ತಗಾಗುತ್ತಾ ಬರುತ್ತದೆ, ಹುಳಿ ವಾಸನೆ ಶುರುವಾಗುತ್ತದೆ, ಪುಟ್ಟ ನೊಣ ಮುತ್ತುತ್ತವೆ. ಏಳಿಗೆ ತರಲಿ ಅಂತ ತಂದ ಹಣ್ಣು ಮನೆಯಲ್ಲಿ ಕೊಳೆಯೋದು ಯಾವ ಅತ್ತೆಗೂ ಇಷ್ಟವಾಗಲ್ಲ. ಹೊರಗಿನ ಸಿಪ್ಪೆ ಚೆನ್ನಾಗಿ ತೊಳೆದು, ಜಜ್ಜಿದ ಭಾಗ ತೆಗೆದುಹಾಕಿ, ಹೋಳು ಮಾಡಿ ಮನೆಮಂದಿಯೆಲ್ಲ ತಿನ್ನಿ. ಅತ್ತೆಯನ್ನು ಕರೆದು ಅವರಿಗೇ ಮೊದಲ ಹೋಳು ಕೊಟ್ಟರೆ ಇನ್ನೂ ಒಳ್ಳೆಯದು. ಅದೇ ನೆಪದಲ್ಲಿ ಮಿಕ್ಕ ಸಾಮಾನಿನ ಬಗ್ಗೆಯೂ ಕೇಳಬಹುದು, ಸಂಕೋಚ ತಾನಾಗೇ ಕರಗುತ್ತದೆ.

ಮೂಲೆಗಳಿಗೆ ಎರಚಿದ ಮಿಶ್ರಣದ ಕಥೆ ಬೇರೆ. ಅದು ಮನೆಯಲ್ಲಿರೋ ಕೆಟ್ಟದ್ದನ್ನು ಓಡಿಸೋಕೆ ಎರಚಿದ್ದು. ಅದನ್ನು ಯಾವ ಕಾರಣಕ್ಕೂ ಆರಿಸಿ ಅಡುಗೆಗೆ ಹಾಕಬೇಡಿ. ಎಷ್ಟು ದಿನ ಬಿಡಬೇಕು ಅನ್ನೋದು ಒಂದೊಂದು ಮನೆಯಲ್ಲಿ ಒಂದೊಂದು ತರಹ. ಕೆಲವರು ಒಂದು ರಾತ್ರಿ ಬಿಡುತ್ತಾರೆ, ಬಹಳಷ್ಟು ಮನೆಗಳಲ್ಲಿ ಮೂರು ದಿನ. ನಿಮ್ಮಲ್ಲಿ ಅಷ್ಟು ದಿನ ಆಗಿಹೋಗಿದೆ ಅಲ್ವಾ, ಗುಡಿಸಿಬಿಡಿ. ಗುಡಿಸೋದು ರಿಬ್ಬನ್ ಕಟ್ಟಿದ ಹೊಸ ಪೊರಕೆಯಲ್ಲಿ. ಬಾಗಿಲ ಕಡೆಗೆ ಗುಡಿಸಿ ಹೊರಗೆ ತಳ್ಳಬೇಡಿ. ಬಾಗಿಲಿಂದ ಒಳಮುಖವಾಗಿ, ನಡುಮನೆಗೆ ಒಟ್ಟು ಮಾಡಿ ಮೊರಕ್ಕೆ ತುಂಬಿ. ಹೊರಮುಖವಾಗಿ ಗುಡಿಸಿದರೆ ಮನೆಯ ಸಂಪತ್ತೂ ಜೊತೆಗೆ ಹೊರಟುಹೋಗುತ್ತದೆ ಅನ್ನೋದು ಅವರ ನಂಬಿಕೆ, ಹೊಸ ವರ್ಷದ ದಿನ ಕಸ ಗುಡಿಸದೇ ಇರೋದಕ್ಕೂ ಇದೇ ಕಾರಣ. ಒಟ್ಟು ಮಾಡಿದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಮುಗಿಯಿತು. ಗಿಡದ ಬುಡಕ್ಕೆ ಮಾತ್ರ ಹಾಕಬೇಡಿ, ಉಪ್ಪಿಗೆ ಗಿಡ ಸಾಯುತ್ತದೆ.

ಇನ್ನೊಂದು ಮಾತು. ಉಪ್ಪು ತೇವ ಎಳೆಯುತ್ತದೆ. ಗೋಡೆ ಅಂಚಿನ ಪಟ್ಟಿಯ ಸಂದಿಯಲ್ಲಿ, ಬಾಗಿಲ ಜಾರುಹಳಿಯಲ್ಲಿ ಹರಳು ಸಿಕ್ಕಿಕೊಂಡರೆ ಅಲ್ಲೇ ಒದ್ದೆಯಾಗಿ ಕೂತು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಮರದ ನೆಲಕ್ಕೂ ಕೇಡು. ಗುಡಿಸಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಸಂದಿಗಳನ್ನು ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನು ಮುಂದೆ ಮಾಡೋರಿಗೆ ನನ್ನ ಸಲಹೆ, ನೆಲಕ್ಕೆ ಎರಚೋ ಬದಲು ಮೂಲೆಗೊಂದು ಕೆಂಪು ಕಾಗದ ಹಾಸಿ ಅದರ ಮೇಲೆ ಒಂದೊಂದು ಹಿಡಿ ಇಡಿ. ಎಷ್ಟೋ ಹಿರಿಯರು ಇದಕ್ಕೆ ಒಪ್ಪುತ್ತಾರೆ.

ನಾಣ್ಯಗಳನ್ನು ಆರಿಸಿ ಒಂದು ಜಾಡಿಗೆ ತುಂಬಿಡಿ. ತುಂಬ ಮನೆಗಳಲ್ಲಿ ಅದನ್ನು ಹಾಗೇ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ಅಂಗಡಿಗೆ ಕೊಟ್ಟು ಖರ್ಚು ಮಾಡೋದಿಲ್ಲ. ಸೋಫಾ ಬರುವ ಮುಂಚೆ ಆರಿಸಿಬಿಡಿ, ಆಮೇಲೆ ಸಿಗಲ್ಲ. ಚಿಕ್ಕ ಮಕ್ಕಳು ಮನೆಗೆ ಬರೋದಿದ್ದರೆ ಅವತ್ತೇ ಆರಿಸಿ, ಬಾಯಿಗೆ ಹಾಕಿಕೊಂಡರೆ ಅಪಾಯ. ರಿಬ್ಬನ್‌ಗಳಿಗೆ ಗಡುವು ಅಂತಿಲ್ಲ. ಆದರೆ ಕೆಟಲ್ ಮತ್ತು ಒಲೆಗೆ ಕಟ್ಟಿದ್ದನ್ನು ಬಿಸಿ ಮಾಡುವ ಮುಂಚೆ ಬಿಚ್ಚಿಡಿ, ಹೊತ್ತಿಕೊಳ್ಳುತ್ತದೆ.

ಬಾಗಿಲ ಮೇಲೆ ಎಂಟು ಅಮರರ (ಚೀನೀ ಪುರಾಣದ ಸಾವಿಲ್ಲದ ಎಂಟು ಸಿದ್ಧರು) ಚಿತ್ರವಿರುವ ಕೆಂಪು ಬಟ್ಟೆ ಹಾಕಿದ್ದಾರಾ? ನೀವು ಬರೆದಿಲ್ಲ, ಆದರೆ ಹೊಕ್ಕಿಯನ್ ಮನೆ ಅಂದಮೇಲೆ ಹಾಕಿರಬಹುದು. ಅದನ್ನು ಅವಸರ ಮಾಡಿ ತೆಗೆಯಬೇಡಿ. ಮುಂದಿನ ಹೊಸ ವರ್ಷಕ್ಕೆ ಬದಲಾಯಿಸುವವರೆಗೂ ಇರಲಿ.

ಪ್ರಶ್ನೆ: ನನ್ನ ಚೀನೀ ಸಹೋದ್ಯೋಗಿ ಹೊಸ ಮನೆಗೆ ಕರೆದಿದ್ದಾರೆ, ಸಿಂಗಪುರದಲ್ಲೇ. ಚೆಂದದ ಗೋಡೆ ಗಡಿಯಾರ ಒಂದು ನೋಡಿಟ್ಟಿದ್ದೇನೆ. ಕೊಡಬಹುದಾ?

ಉತ್ತರ: ದಯವಿಟ್ಟು ಬೇಡ. ಚೀನೀ ಭಾಷೆಯಲ್ಲಿ "ಗಡಿಯಾರ ಕೊಡು" ಅನ್ನೋದೂ "ಸಾಯುವವರನ್ನು ಕಳಿಸಿಕೊಡು" ಅನ್ನೋದೂ ಒಂದೇ ಉಚ್ಚಾರ. ಹೊಸ ಮನೆಯ ಹೊಸ್ತಿಲಲ್ಲಿ ಅದನ್ನು ಯಾರೂ ಕೇಳೋಕೆ ಬಯಸಲ್ಲ. ಚಾಕು, ಕತ್ತರಿಯೂ ಬೇಡ, ಸಂಬಂಧ ಕತ್ತರಿಸುತ್ತದೆ ಅನ್ನುತ್ತಾರೆ. ಕೊಡೆಯೂ ಬೇಡ. ಬಿಳಿ, ಹಳದಿ ಸೇವಂತಿಗೆ ಸಾವಿನ ಮನೆಯ ಹೂವು, ಅದನ್ನಂತೂ ಒಯ್ಯಲೇಬೇಡಿ.

ಹಣ್ಣು ಒಯ್ಯಿರಿ. ಕಿತ್ತಳೆ ಆದರೆ ಜೋಡಿ ಲೆಕ್ಕದಲ್ಲಿ. ಇಲ್ಲಾಂದ್ರೆ ಕೆಂಪು ಲಕೋಟೆಯಲ್ಲಿ ದುಡ್ಡು. ಮೊತ್ತದಲ್ಲಿ ನಾಲ್ಕು ಇರಬಾರದು, ಅದು ಸಾವಿನ ಶಬ್ದಕ್ಕೆ ಹತ್ತಿರ. ಎಂಟರಲ್ಲಿ ಮುಗಿದರೆ ಖುಷಿ ಪಡುತ್ತಾರೆ, 28 ಡಾಲರ್, 68 ಡಾಲರ್, 88 ಡಾಲರ್ ಹೀಗೆ. ನೋಟು ಮುದುಡಿರಬಾರದು. ಬಿಳಿ ಲಕೋಟೆ ಬೇಡವೇ ಬೇಡ. ಎರಡೂ ಕೈಯಲ್ಲಿ ಕೊಡಿ. ಅವರು ನಿಮ್ಮ ಎದುರಿಗೆ ಅದನ್ನು ತೆರೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದು ಅವರ ಮರ್ಯಾದೆಯ ರೀತಿ.

ಪ್ರಶ್ನೆ: ನಾವು ಕ್ವಾಲಾಲಂಪುರದಲ್ಲಿ ಬಾಡಿಗೆ ಮನೆಗೆ ಬಂದಿದ್ದೇವೆ. ಹಳೇ ಬಾಡಿಗೆದಾರರು ಹಾಲ್‌ನ ನೆಲದಲ್ಲಿ ಒಂದು ಪುಟ್ಟ ಕೆಂಪು ಗೂಡು ಬಿಟ್ಟು ಹೋಗಿದ್ದಾರೆ. ಚಿನ್ನದ ಬಣ್ಣದ ಅಕ್ಷರ ಇದೆ, ಊದುಬತ್ತಿ ಬೂದಿ ತುಂಬಿದ ಪಾತ್ರೆ ಇದೆ. ಅದರ ಪಕ್ಕದಲ್ಲಿ ಪಿಂಗಾಣಿಯ ಒಂದು ಮೂರ್ತಿಯೂ ಇದೆ. ಹೆಂಡತಿಗೆ ಭಯ. ನನಗೆ ಎಸೆಯೋಕೆ ಮನಸ್ಸಿಲ್ಲ, ಇಟ್ಟುಕೊಳ್ಳೋಕೂ ಧೈರ್ಯ ಇಲ್ಲ.

ಉತ್ತರ: ನಿಮಗೆ ಎಸೆಯೋಕೆ ಮನಸ್ಸು ಬಾರದೇ ಇದ್ದದ್ದು ಒಳ್ಳೆಯದೇ ಆಯಿತು. ನೆಲದಲ್ಲಿರುವ ಆ ಗೂಡು ಜಾಗದ ಒಡೆಯ ಅನ್ನೋ ದೇವರದು. ಮಲೇಷ್ಯಾ, ಸಿಂಗಪುರದಲ್ಲಿ ಅದರ ಮೇಲಿನ ಅಕ್ಷರಗಳಲ್ಲಿ ಸಾಮಾನ್ಯವಾಗಿ ಐದು ದಿಕ್ಕಿನ ಮಣ್ಣಿನ ಡ್ರ್ಯಾಗನ್ ದೇವರ ಹೆಸರು ಒಂದು ಸಾಲಿನಲ್ಲಿರುತ್ತದೆ, ಇನ್ನೊಂದು ಸಾಲಿನಲ್ಲಿ "ಚೀನೀ ಮತ್ತು ಹೊರನಾಡಿನ ಜಾಗದ ಒಡೆಯರು" ಅಂತ ಇರುತ್ತದೆ. ದಕ್ಷಿಣ ಚೀನಾದಿಂದ ವಲಸೆ ಬಂದವರು ಪರನೆಲದಲ್ಲಿ ಮನೆ ಹೂಡುವಾಗ, ಈ ನೆಲಕ್ಕೆ ನಮಗಿಂತ ಮುಂಚೆಯೇ ಒಡೆಯರು ಇದ್ದಾರೆ, ಅವರಿಗೂ ಒಂದು ಊದುಬತ್ತಿ ಸಲ್ಲಬೇಕು ಅಂದುಕೊಂಡರು. ನನಗೆ ಆ ಒಂದು ಸಾಲಿನ ಮೇಲೆ ತುಂಬ ಗೌರವ. ಭಯ ಪಡುವಂಥ ದೇವರಲ್ಲ ಅಂತ ನಿಮ್ಮ ಹೆಂಡತಿಗೆ ಹೇಳಿ.

ಮೊದಲ ಕೆಲಸ, ಮನೆ ಮಾಲೀಕರಿಗೆ ಫೋನ್ ಮಾಡಿ. ಎಷ್ಟೋ ಸಲ ಆ ಗೂಡು ಬಾಡಿಗೆದಾರರದಲ್ಲ, ಮಾಲೀಕರದೇ ಆಗಿರುತ್ತದೆ. ಅವರದೇ ಆದರೆ ಅವರೇ ಬಂದು ನೋಡಿಕೊಳ್ಳಲಿ, ನೀವು ಮುಟ್ಟಬೇಡಿ. ಹಳೇ ಬಾಡಿಗೆದಾರರದು ಅಂತಾದರೆ ಅವರನ್ನು ಕೇಳಿ, ಒಯ್ಯೋಕೆ ಮರೆತಿರಬಹುದು.

ಯಾರೂ ತಮ್ಮದು ಅನ್ನದಿದ್ದರೆ ಬೀಳ್ಕೊಡುವ ಶಾಸ್ತ್ರ ಒಂದಿದೆ. ಅದರ ಹಿಂದಿನ ಲೆಕ್ಕ ಹೀಗೆ. ಅಂಗಡಿಯಿಂದ ತಂದ ಮೂರ್ತಿ ಬರೀ ಪಿಂಗಾಣಿ. ಅರ್ಚಕರು ಮಂತ್ರ ಹೇಳಿ, ಕುಂಚದಿಂದ ಕೆಂಪು ಬಣ್ಣ ಇಟ್ಟು ಕಣ್ಣು ತೆರೆಸಿದ ಮೇಲೆ ಅದರಲ್ಲಿ ದೇವರು ನೆಲೆಸುತ್ತಾರೆ. ಹಾಗೆ ಕರೆಸಿದವರನ್ನು ಮರ್ಯಾದೆಯಿಂದ ಕಳಿಸಿಕೊಡಬೇಕು. ಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ಇಷ್ಟು ದಿನ ಕಾಪಾಡಿದ್ದಕ್ಕೆ ನಮಸ್ಕಾರ, ಇನ್ನು ನಿಮ್ಮ ಜಾಗಕ್ಕೆ ಹಿಂದಿರುಗಿ ಅಂತ ಬೇಡಿಕೊಳ್ಳುತ್ತಾರೆ. ಆಮೇಲೆ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ಕೇಳುತ್ತಾರೆ. ಅವುಗಳ ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಒಂದು ಚಪ್ಪಟೆ ಮೇಲಾಗಿ, ಒಂದು ಉಬ್ಬು ಮೇಲಾಗಿ ಬಿದ್ದರೆ ಒಪ್ಪಿಗೆ ಸಿಕ್ಕಿತು ಅಂತ. ಒಪ್ಪಿಗೆ ಸಿಕ್ಕ ಮೇಲೆ ಮೂರ್ತಿ ಮತ್ತೆ ಬರೀ ಪಿಂಗಾಣಿ.

ಇದನ್ನು ನೀವೇ ಮಾಡೋಕೆ ಹೋಗಬೇಡಿ. ಹತ್ತಿರದ ಚೀನೀ ದೇವಸ್ಥಾನಕ್ಕೆ ಹೋಗಿ, ಫೋಟೋ ತೋರಿಸಿ ಕೇಳಿ. ಹಳೇ ಮೂರ್ತಿ ತೆಗೆದುಕೊಳ್ಳುವ ದೇವಸ್ಥಾನಗಳಿವೆ, ಎಲ್ಲವೂ ತೆಗೆದುಕೊಳ್ಳೋದಿಲ್ಲ. ತೆಗೆದುಕೊಂಡವರು ಕೇಳಿದ ಕಾಣಿಕೆಯನ್ನು ಚೌಕಾಸಿ ಮಾಡದೆ ಕೊಡಿ. ಬೂದಿಯನ್ನು ಕೆಂಪು ಕಾಗದದಲ್ಲಿ ಕಟ್ಟಿ ಅಲ್ಲಿಗೇ ಒಯ್ಯಿರಿ, ಮನೆಯ ಕಸದ ಡಬ್ಬಕ್ಕೆ ಸುರಿಯಬೇಡಿ.

ರಾತ್ರಿ ಹೊತ್ತು ಒಯ್ದು ಮರದ ಬುಡದಲ್ಲಿ ಇಟ್ಟು ಬರೋಣ ಅಂತ ಯಾರಾದರೂ ಹೇಳಬಹುದು, ಒಪ್ಪಬೇಡಿ. ಹಾಂಗ್‌ಕಾಂಗ್‌ನ ವಾ ಫು ವಸತಿ ಬಡಾವಣೆಯ ಕೆಳಗೆ, ಸಮುದ್ರದ ಪಕ್ಕದ ಇಳಿಜಾರಿನಲ್ಲಿ, ಹೀಗೆ ಬಿಟ್ಟುಹೋದ ಸಾವಿರಾರು ಮೂರ್ತಿಗಳು ಸಾಲುಗಟ್ಟಿ ನಿಂತಿವೆ. ಮನೆ ಬದಲಾಯಿಸಿದವರು, ಹಿರಿಯರು ತೀರಿಕೊಂಡ ಮೇಲೆ ಪೂಜೆ ನಿಲ್ಲಿಸಿದವರು ತಂದು ಬಿಟ್ಟವು. ಒಡೆದವನ್ನು ಜೋಡಿಸಿ, ಗಾಳಿಗೆ ಬೀಳದ ಹಾಗೆ ಸಿಮೆಂಟ್ ಹಾಕಿ ನಿಲ್ಲಿಸಿ, ವರ್ಷಗಟ್ಟಲೆ ನೋಡಿಕೊಂಡವರು ಅಲ್ಲೇ ಹತ್ತಿರದ ವಯಸ್ಸಾದವರು. ನಾವು ಬಿಟ್ಟುಬಂದದ್ದನ್ನು ಯಾರೋ ಒಬ್ಬರು ಎತ್ತಬೇಕಾಗುತ್ತದೆ. ಆ ಕೆಲಸವನ್ನು ಗುರುತೇ ಇಲ್ಲದ ಮುದುಕರ ತಲೆಗೆ ಕಟ್ಟೋದು ಸರಿಯಲ್ಲ.

ಪ್ರಶ್ನೆ: ಗೃಹಪ್ರವೇಶಕ್ಕೆ ದಿನ ನೋಡೋದು ಹೇಗೆ? ನನ್ನ ಗೆಳತಿಗೆ ಬೀಗದ ಕೈ ಸಿಗೋದೇ ಚೀನೀ ಏಳನೇ ತಿಂಗಳಲ್ಲಿ. ಆ ತಿಂಗಳು ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ಏಳನೇ ತಿಂಗಳು ಸತ್ತವರು ಭೂಮಿಗೆ ಬರುವ ತಿಂಗಳು. ಆಗ ಮನೆ ಹೊಗೋದು, ಮದುವೆ, ಹೊಸ ಅಂಗಡಿ ತೆರೆಯೋದನ್ನೆಲ್ಲ ಮುಂದೂಡುತ್ತಾರೆ. ಬೀಗದ ಕೈ ತೆಗೆದುಕೊಳ್ಳೋಕೆ ಅಡ್ಡಿಯಿಲ್ಲ ಅನ್ನೋರೇ ಜಾಸ್ತಿ, ಒಳಗೆ ಮಲಗೋದು ಮಾತ್ರ ಬೇಡ.

ದಿನ ನೋಡೋದು ತುಂಗ್ ಶು ಅನ್ನೋ ಪಂಚಾಂಗದಲ್ಲಿ. ಪ್ರತಿ ದಿನದ ಕೆಳಗೆ ಅವತ್ತು ಏನು ಮಾಡಬಹುದು, ಏನು ಮಾಡಬಾರದು ಅಂತ ಬರೆದಿರುತ್ತದೆ. "ಮನೆ ಹೊಗುವುದು" ಮತ್ತು "ಮಂಚ ಹಾಕುವುದು" ಎರಡೂ ಇರುವ ದಿನ ಸಿಕ್ಕರೆ ಒಳ್ಳೆಯದು. ಆಮೇಲೆ, ಅವರ ಲೆಕ್ಕದಲ್ಲಿ ಪ್ರತಿ ದಿನಕ್ಕೂ ಪ್ರತಿ ವರ್ಷಕ್ಕೂ ಒಂದೊಂದು ಪ್ರಾಣಿ ಇದೆ. ಅವತ್ತಿನ ಪ್ರಾಣಿ ಮನೆಯವರ ಹುಟ್ಟಿದ ವರ್ಷದ ಪ್ರಾಣಿಗೆ ಎದುರಾಗಬಾರದು. ಇಲಿಗೆ ಕುದುರೆ ಎದುರು, ಎತ್ತಿಗೆ ಆಡು, ಹುಲಿಗೆ ಕೋತಿ, ಮೊಲಕ್ಕೆ ಹುಂಜ, ಡ್ರ್ಯಾಗನ್‌ಗೆ ನಾಯಿ, ಹಾವಿಗೆ ಹಂದಿ. ನಾಲ್ಕು ಜನರ ಮನೆಯಲ್ಲಿ ಎಲ್ಲರಿಗೂ ಕೂಡಿಬರೋ ಶನಿವಾರ, ಭಾನುವಾರ ಸಿಗೋದು ಕಷ್ಟ.

ಅದಕ್ಕೆ ಅವರೇ ಕಂಡುಕೊಂಡ ದಾರಿ ಇದೆ. ಒಳ್ಳೆಯ ದಿನ ಸಿಕ್ಕಾಗ ಸಾಮಾನು ಬಂದಿರಲಿ ಬಿಡಲಿ, ಅಕ್ಕಿ, ಉಪ್ಪು, ಒಂದು ಕೆಟಲ್, ಹಾಸಿಗೆ ಒಯ್ದು ಶಾಸ್ತ್ರ ಮುಗಿಸಿ ಅವತ್ತು ರಾತ್ರಿ ಅಲ್ಲೇ ಮಲಗುತ್ತಾರೆ. ಲಾರಿಯಲ್ಲಿ ಸಾಮಾನು ಬರೋದು ಯಾವಾಗಾದರೂ ಆಗಬಹುದು. ಮೊದಲು ಮಾಡೋದು ನೀರು ಕುದಿಸೋದು. ನಮ್ಮಲ್ಲಿ ಹಾಲು ಉಕ್ಕಿಸಿದ ಹಾಗೇ, ನೀರು ಮರಳುವ ಹಾಗೆ ಸಂಪತ್ತು ಉಕ್ಕಿ ಬರಲಿ ಅಂತ. ಎಲ್ಲ ದೀಪ ಹಚ್ಚಿ ರಾತ್ರಿಯಿಡೀ ಬಿಡುತ್ತಾರೆ, ನಲ್ಲಿಯಲ್ಲಿ ಸಣ್ಣಗೆ ನೀರು ಬಿಡುತ್ತಾರೆ. ನೀರು ಬಿಡುವಾಗ ಕೆಳಗೆ ಬಕೆಟ್ ಇಟ್ಟುಕೊಳ್ಳಿ, ನೆಲ ಒರೆಸೋಕೆ ಆಯಿತು.

ಪ್ರಶ್ನೆ: ಗಂಡನ ಮನೆಯವರು ಹೊಸ್ತಿಲಲ್ಲಿ ಉರಿಯುವ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ದಾಟಿಸುತ್ತೇವೆ ಅಂತಿದ್ದಾರೆ. ಪೂಜೆಯ ಕಾಗದವನ್ನೂ ಸುಡಬೇಕಂತೆ. ನಾವಿರೋದು ಹದಿನಾಲ್ಕನೇ ಮಹಡಿ. ಪಟಾಕಿ ಬೇರೆ ಹೊಡೀಬೇಕು ಅಂತಾರೆ ಮಾವ. (ಸಿಂಗಪುರ)

ಉತ್ತರ: ಪಟಾಕಿಯ ಮಾತು ಮೊದಲು ಮುಗಿಸೋಣ. ಸಿಂಗಪುರದಲ್ಲಿ 1972ರಿಂದ ಪಟಾಕಿ ಹೊಡೆಯೋದು ಕಾನೂನಿಗೆ ವಿರುದ್ಧ. ಮಾವನಿಗೂ ಅದು ಗೊತ್ತಿರುತ್ತದೆ, ಹಳೇ ಕಾಲ ನೆನೆದು ಹೇಳಿರಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಕೆಂಪು ಪಟಾಕಿ ಸರ ಬಾಗಿಲಿಗೆ ತೂಗುಹಾಕಿ, ಅವರಿಗೆ ಖುಷಿಯಾಗುತ್ತದೆ.

ಅಗ್ಗಿಷ್ಟಿಕೆ ದಾಟೋದು ಹಳೆಯ ಪದ್ಧತಿ, ಕೆಟ್ಟದ್ದು ಬೆಂಕಿಯ ಆಚೆಗೇ ಉಳಿಯಲಿ ಅಂತ. ಮಾಡಬಹುದು, ಆದರೆ ಎರಡು ಕೆಂಡ ಸಾಕು. ಉದ್ದ ಸೀರೆ, ಉದ್ದ ಲಂಗ ಉಟ್ಟವರು ದಾಟುವಾಗ ಸೆರಗು ನೆರಿಗೆ ಎತ್ತಿ ಹಿಡಿಯಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ದಾಟಿದ ಮೇಲೆ ಅಗ್ಗಿಷ್ಟಿಕೆಯನ್ನು ಒಳಗೆ ತಂದು ಕಿಟಕಿ ಬಾಗಿಲು ಹಾಕಿ ಕೂರಬೇಡಿ. ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ, ಪ್ರಾಣ ಹೋಗುತ್ತದೆ. ಕೆಂಡ ಪೂರ್ತಿ ಆರುವವರೆಗೆ ನೀರು ಹಾಕಿ, ಮುಟ್ಟಿ ನೋಡಿ, ಆಮೇಲೆ ಕಸಕ್ಕೆ. ಅರ್ಧ ಆರಿದ ಇದ್ದಿಲನ್ನು ಅಡುಗೆಮನೆಯ ಕಸದ ಕೊಳವೆಗೆ ಹಾಕಿದರೆ ಕೆಳಗೆ ಬೆಂಕಿ ಬೀಳಬಹುದು. ಕೆಂಡ ಬೇಡವೇ ಬೇಡ ಅನ್ನಿಸಿದರೆ, ಒಲೆ ಹಚ್ಚಿದರೂ ಬೆಂಕಿ ಮನೆಗೆ ಬಂದ ಹಾಗೆ ಅಂತ ಅತ್ತೆಗೆ ಮೆಲ್ಲಗೆ ಹೇಳಿ ನೋಡಿ. ಕ್ಯಾಂಟನೀಸರು ಮನೆ ಹೊಗೋದಕ್ಕೆ ಬಳಸೋ ಮಾತನ್ನೇ ಬೆಂಕಿ ತರೋದು ಅಂತ ಅರ್ಥ ಮಾಡೋರಿದ್ದಾರೆ, ಒಲೆ ಹೊತ್ತಿದ ಮನೆಯೇ ಮನೆ.

ಪೂಜೆ ಕಾಗದವನ್ನು ಕಾರಿಡಾರಿನಲ್ಲಿ ಸುಡಬೇಡಿ, ಮನೆಯೊಳಗಂತೂ ಬೇಡ. ನಿಮ್ಮ ಬ್ಲಾಕಿನ ಕೆಳಗೆ ಟೌನ್ ಕೌನ್ಸಿಲ್ ಇಟ್ಟಿರುವ ಕಬ್ಬಿಣದ ದೊಡ್ಡ ಡಬ್ಬಗಳಿರುತ್ತವೆ. ಅದರಲ್ಲೇ ಸುಡಿ. ಕಟ್ಟುಕಟ್ಟಾಗಿ ಹಾಕದೆ ಹಾಳೆ ಬಿಡಿಸಿ ಸ್ವಲ್ಪ ಸ್ವಲ್ಪ ಹಾಕಿದರೆ ಪೂರ್ತಿ ಉರಿಯುತ್ತದೆ, ಬೂದಿ ಹಾರಿ ಯಾರ ಬಟ್ಟೆಯ ಮೇಲೂ ಬೀಳಲ್ಲ. ಅಕ್ಕಿ, ಉಪ್ಪು ಎರಚೋದೂ ನಿಮ್ಮ ಬಾಗಿಲ ಒಳಗೆ ಮಾತ್ರ. ಕಾರಿಡಾರು, ಲಿಫ್ಟು, ಹುಲ್ಲಿನ ಮೇಲೆ ಚೆಲ್ಲಿದರೆ ಅದು ಕಸ ಹಾಕಿದ ಲೆಕ್ಕ, ದಂಡ ಬೀಳುತ್ತದೆ. ಅಕ್ಕಿಗೆ ಪಾರಿವಾಳ ಬರುತ್ತವೆ, ಇಲಿ ಬರುತ್ತವೆ. ಪಕ್ಕದ ಮನೆಯವರ ಜೊತೆ ಮೊದಲ ದಿನವೇ ಮನಸ್ತಾಪ ಮಾಡಿಕೊಳ್ಳೋದು ಯಾಕೆ?

ಪ್ರಶ್ನೆ: ಹಳೇ ಫ್ಲ್ಯಾಟ್ ಕೊಂಡು ರಿಪೇರಿ ಮಾಡಿಸುವಾಗ ಹೊಸ್ತಿಲ ಕೆಳಗೆ ನಡುವೆ ಚೌಕ ತೂತಿರುವ ಐದು ತಾಮ್ರದ ನಾಣ್ಯ ಸಿಕ್ಕವು. ಏನಿದು?

ಉತ್ತರ: ಐದು ಚಕ್ರವರ್ತಿಗಳ ನಾಣ್ಯ. ಚಿಂಗ್ ರಾಜವಂಶದ ಶುನ್‌ಚಿ, ಕಾಂಗ್‌ಶಿ, ಯುಂಗ್‌ಚೆಂಗ್, ಚಿಯೆನ್‌ಲುಂಗ್, ಚಿಯಾಚಿಂಗ್ ಕಾಲದವು, ಅಂದ್ರೆ 1644ರಿಂದ 1820ರವರೆಗಿನ ಹೆಸರುಗಳು. ಮನೆಗೆ ಕೆಟ್ಟದ್ದು ಬರಬಾರದು, ಬಂದ ದುಡ್ಡು ಹೋಗಬಾರದು ಅಂತ ಹೊಸ್ತಿಲಡಿ ಇಡುತ್ತಾರೆ. ಈಗ ಮಾರೋದರಲ್ಲಿ ಜಾಸ್ತಿ ಹೊಸದಾಗಿ ಅಚ್ಚು ಹಾಕಿದವೇ, ಹಾಗಾಗಿ ಬೆಲೆ ಬಾಳುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಯಾವ ದೇವರಿಗೂ ಒಪ್ಪಿಸಿದ್ದಲ್ಲ, ಬೀಳ್ಕೊಡುವ ಶಾಸ್ತ್ರ ಬೇಕಿಲ್ಲ. ಹಳೇ ಮಾಲೀಕರ ಫೋನ್ ನಂಬರ್ ಇದ್ದರೆ ಒಂದು ಮಾತು ಕೇಳಿ, ಬೇಕು ಅಂದರೆ ಕೊಟ್ಟುಬಿಡಿ. ಬೇಡ ಅಂದರೆ ಕೆಂಪು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಆರು ತಿಂಗಳ ಬಸುರಿ. ಗಂಡ ಚೀನೀ. ಬಸುರಿಯಲ್ಲಿ ಮನೆ ಬದಲಿಸಬಾರದು ಅಂತ ಅವರ ಅಜ್ಜಿ ಹಟ ಹಿಡಿದಿದ್ದಾರೆ, ಆದರೆ ಬಾಡಿಗೆ ಕರಾರು ಮುಗಿಯುತ್ತಿದೆ.

ಉತ್ತರ: ಅಜ್ಜಿಯ ಭಯ ಗರ್ಭ ಕಾಯುವ ದೇವರ ಬಗ್ಗೆ. ಆ ದೇವರು ಒಂದೊಂದು ದಿನ ಮನೆಯ ಒಂದೊಂದು ಕಡೆ ಇರುತ್ತಾರೆ, ಬಾಗಿಲಲ್ಲೋ, ಮಂಚದಲ್ಲೋ, ಒಲೆಯಲ್ಲೋ. ಎಲ್ಲಿ ಅಂತ ಪಂಚಾಂಗದಲ್ಲೇ ಬರೆದಿರುತ್ತದೆ. ಅಲ್ಲಿ ಮೊಳೆ ಹೊಡೆದರೆ, ಮಂಚ ಎಳೆದರೆ ಮಗುವಿಗೆ ಕೇಡು ಅನ್ನುತ್ತಾರೆ. ಮನೆ ಬಿಡಲೇಬೇಕಾದವರಿಗೆ ಸಂಪ್ರದಾಯದಲ್ಲೇ ದಾರಿ ಇದೆ. ಹೊಸ ಪೊರಕೆ ತಂದು, ಸಾಮಾನು ಎತ್ತುವ ಮುಂಚೆ ಅದರ ಮೇಲೆ ಮೆಲ್ಲಗೆ ಗುಡಿಸುತ್ತಾರೆ, ದೇವರು ಪಕ್ಕಕ್ಕೆ ಸರಿಯಲಿ ಅಂತ. ಆ ಪೊರಕೆಯನ್ನು ಅಜ್ಜಿಯ ಕೈಗೇ ಕೊಡಿ, ಅವರೇ ಗುಡಿಸಲಿ. ಭಾರ ಎತ್ತೋದು, ಬಣ್ಣದ ವಾಸನೆಯಲ್ಲಿ ನಿಲ್ಲೋದು ನಿಮಗೆ ಹೇಗೂ ಬೇಡ. ಸಾಮಾನು ಸಾಗಿಸುವ ದಿನ ಬೇರೆ ಕಡೆ ಆರಾಮಾಗಿ ಇದ್ದು, ಎಲ್ಲ ಮುಗಿದ ಮೇಲೆ ಹೋಗಿ.

ಪ್ರಶ್ನೆ: ಉತ್ತರ ಚೀನಾದಲ್ಲಿ ಓದುತ್ತಿದ್ದೇನೆ. ಇಲ್ಲಿನ ಗೆಳೆಯರ ಮನೆಯಲ್ಲಿ ಅನಾನಸ್ಸೂ ಇಲ್ಲ, ಉಪ್ಪೂ ಇಲ್ಲ. ಇದೆಲ್ಲ ಸುಳ್ಳಾ?

ಉತ್ತರ: ಸುಳ್ಳಲ್ಲ, ಊರು ಬೇರೆ. ಅನಾನಸ್ ಫುಜಿಯೆನ್ ಕಡೆಯ ಮಾತಾಡುವವರದು. ಅದಕ್ಕೇ ತೈವಾನ್, ಸಿಂಗಪುರ, ಮಲೇಷ್ಯಾದಲ್ಲಿ ಜಾಸ್ತಿ. ನಿಮ್ಮ ಕಡೆ "ಪಾತ್ರೆ ಬೆಚ್ಚಗೆ ಮಾಡೋದು" ಅಂತ ನೆಂಟರು ಸ್ನೇಹಿತರು ಬಂದು ಹೊಸ ಒಲೆಯ ಮೇಲೆ ಅಡುಗೆ ಮಾಡಿಸಿ ಒಟ್ಟಿಗೆ ಉಣ್ಣುತ್ತಾರೆ. ಪಾತ್ರೆ, ತಟ್ಟೆ, ಬಟ್ಟಲು ಉಡುಗೊರೆ ಕೊಡುತ್ತಾರೆ. ಯಾಂಗ್‌ಟ್ಸಿ ನದಿಯ ಕೆಳದಂಡೆಯ ಹಳ್ಳಿಗಳಲ್ಲಿ ಮನೆ ಕಟ್ಟುವಾಗ ತೊಲೆ ಏರಿಸುವ ದಿನವೇ ದೊಡ್ಡದು. ತೊಲೆಗೆ ಕೆಂಪು ಬಟ್ಟೆ ಕಟ್ಟಿ, ಮೇಲಿಂದ ಮಿಠಾಯಿ, ಬನ್ನು ಎಸೆಯುತ್ತಾರೆ, ಕೆಳಗೆ ಮಕ್ಕಳು ಮುಗಿಬೀಳುತ್ತಾರೆ. ಅಂಥದ್ದಕ್ಕೆ ಯಾರಾದರೂ ಕರೆದರೆ ತಪ್ಪಿಸಬೇಡಿ.

ಪ್ರಶ್ನೆ: ತೈವಾನಿನ ಶಿನ್‌ಚು ಊರಲ್ಲಿ ಕೆಲಸ. ಮನೆಯೊಡತಿ ಬಂದು ಅಡುಗೆಮನೆಯಲ್ಲಿ ಗಿಡ್ಡ ಸ್ಟೂಲ್ ಹಾಕಿ, ಅನ್ನ, ಕೋಳಿ ಕಾಲು, ಪಲ್ಯ ಇಟ್ಟು ಊದುಬತ್ತಿ ಹಚ್ಚಿದರು. ಆಮೇಲೆ ಆ ಊಟ ನನ್ನ ಕೈಗೇ ಕೊಟ್ಟರು. ತಿನ್ನಬಹುದಾ? ಪ್ರತಿ ವರ್ಷ ನಾನೂ ಮಾಡಬೇಕಾ?

ಉತ್ತರ: ಆ ಊಟ ಅಡಿಪಾಯದ ಒಡೆಯನಿಗೆ. ಆತ ದೊಡ್ಡ ದೇವರೇನಲ್ಲ, ನಿಮ್ಮ ಮನೆ ನಿಂತಿರುವ ನೆಲವನ್ನು ನೋಡಿಕೊಳ್ಳುವವನು. ಕುಳ್ಳಗಿದ್ದಾನೆ ಅಂತ ಮೇಜು ಗಿಡ್ಡ, ಊಟವೂ ಮನೆಯ ಸಾದಾ ಊಟ. ಧಾರಾಳವಾಗಿ ತಿನ್ನಿ. ಊದುಬತ್ತಿ ಉರಿದು ಸಾಕಷ್ಟು ಇಳಿದು, ಅವರು ಕಾಗದ ಸುಟ್ಟು ಮುಗಿಸಿದ ಮೇಲೆ ಅದು ಮನೆಯವರ ಪಾಲು. ನಿಮ್ಮ ಕೈಗೆ ಕೊಟ್ಟರು ಅಂದ್ರೆ ನಿಮ್ಮನ್ನು ಮನೆಯವರು ಅಂತ ಅಲ್ಲಿ ಒಪ್ಪಿಸಿಬಿಟ್ಟರು ಅಂತ. ಬೇಡ ಅಂದಿದ್ದರೆ ಅವರಿಗೆ ನೋವಾಗುತ್ತಿತ್ತು. ನೀವು ಮಾಂಸ ತಿನ್ನದವರಾದರೆ ಹಾಗೇ ಹೇಳಿ, ಬೇಜಾರು ಮಾಡಿಕೊಳ್ಳಲ್ಲ. ತೈವಾನಿನಲ್ಲಿ ಸಸ್ಯಾಹಾರಿಗಳು ಬೇಕಾದಷ್ಟು ಜನ ಇದ್ದಾರೆ.

ಪ್ರತಿ ವರ್ಷ ಮಾಡೋದು ಮನೆಯೊಡತಿಯ ಕೆಲಸ, ನಿಮ್ಮದಲ್ಲ. ಅವರು ಬರುವ ದಿನ ಅಡುಗೆಮನೆ ಗುಡಿಸಿ, ಸಿಂಕಿನಲ್ಲಿ ಎಂಜಲು ಪಾತ್ರೆ ಬಿಡದೆ ಇಟ್ಟುಕೊಂಡರೆ ಸಾಕು. ಹೊಗೆ ಪತ್ತೆ ಮಾಡುವ ಅಲಾರಂ ಅಡುಗೆಮನೆಯಲ್ಲಿದ್ದರೆ ಊದುಬತ್ತಿ ಹಚ್ಚುವ ಮುಂಚೆಯೇ ಕಿಟಕಿ ತೆರೆದಿಡಿ.